ನಾಟ್ಯರಾಣಿ ಶಾಂತಲೆ: ನೃತ್ಯರೂಪಕವಾಗಬೇಕಾದ ಬದುಕು

ಹೊಯ್ಸಳರು ದೂರದ ಬೇಲೂರು, ಹಳೇಬೀಡಿನವರೆಂದು ನಮ್ಮ ಮಕ್ಕಳು ತಿಳಿದಿರುತ್ತಾರೆ. ಆದರೆ ಆ ವಂಶದ ಮೂಲ ನಮ್ಮ ಜಿಲ್ಲೆಯದೇ. ಹುಲಿಯನ್ನು ಹೊಡೆದ ಸಳನ ಕಥೆ ನಡೆದದ್ದು ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದರೆ ಅಂದಿನ ಸೊಸೆವೂರಿನಲ್ಲಿ, ಎಂದು ಐತಿಹ್ಯ ಹೇಳುತ್ತದೆ. ಶೃಂಗೇರಿ ಪೇಟೆಯ ಪಾರ್ಶ್ವನಾಥ ಬಸದಿಯೂ ಹೊಯ್ಸಳರ ಕಾಲದ್ದೇ. ಆ ವಂಶದ ಅತ್ಯಂತ ಪ್ರಸಿದ್ಧ ಹೆಣ್ಣುಮಗಳು ಪಟ್ಟಮಹಾದೇವಿ ಶಾಂತಲೆ. ಶಾಲೆಯ ರಂಗದ ಮೇಲೆ ಅವಳ ನೃತ್ಯರೂಪಕವನ್ನು ಕಟ್ಟಹೊರಡುವವರು ಮೊದಲು ಅವಳ ಬದುಕಿನಲ್ಲಿ ಶಾಸನ ಹೇಳುವುದೆಷ್ಟು, ಜನರ ಬಾಯಲ್ಲಿ ಬೆಳೆದದ್ದೆಷ್ಟು ಎಂಬುದನ್ನು ಅರಿಯಬೇಕು.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಧರ್ಮ, ಎರಡು ಪೂಜೆ. ಮಗಳು ತಾಯಿಯ ದಾರಿ ಹಿಡಿದಳು. ಅವಳ ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಅವಳು ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಎಂದು ಆ ಕಡೆಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಅವಳು ಕೈಹಿಡಿದ ಬಿಟ್ಟಿದೇವ 1108ರ ಸುಮಾರಿಗೆ ಪಟ್ಟಕ್ಕೆ ಬಂದವನು, ವಿಷ್ಣುವರ್ಧನನೆಂದು ಹೆಸರಾದವನು. 1116ರಲ್ಲಿ ಅವನು ತಲಕಾಡನ್ನು ಚೋಳರಿಂದ ಗೆದ್ದುಕೊಂಡ. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇಂದು ನಾವು ಚೆನ್ನಕೇಶವ ದೇವಾಲಯವೆನ್ನುವುದು ಇದನ್ನೇ. ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ವಿಗ್ರಹದ ಕಲ್ಲಿನೊಳಗೆ ಕಪ್ಪೆ ಸಿಕ್ಕ ಜಕಣಾಚಾರಿಯ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಆ ದೇವರನ್ನು ಪ್ರತಿಷ್ಠೆ ಮಾಡಿಸಿದವಳು ಶಾಂತಲೆಯೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಿನಭಕ್ತೆಯಾದ ರಾಣಿ ವಿಷ್ಣುವಿಗೆ ಗುಡಿ ಕಟ್ಟಿಸಿದಳು. ಹಳೇಬೀಡಿನ ಜೋಡಿ ದೇಗುಲದಲ್ಲಿ ಒಂದು ಶಿವಲಿಂಗ ಶಾಂತಲೇಶ್ವರನೆಂದು ಅವಳ ಹೆಸರನ್ನೇ ಹೊತ್ತಿದೆ. ಹೀಗೆ ಜಿನ, ಶಿವ, ವಿಷ್ಣು ಮೂವರ ಸನ್ನಿಧಿಯಲ್ಲೂ ಅವಳ ಗುರುತು ಉಳಿದಿದೆ.

ತನ್ನ ಧರ್ಮಕ್ಕಾಗಿ ಅವಳು ಮಾಡಿದ ದೊಡ್ಡ ಕೆಲಸ ಶ್ರವಣಬೆಳಗೊಳದಲ್ಲಿದೆ. 1123ರಲ್ಲಿ ಚಂದ್ರಗಿರಿಯ ಮೇಲೆ ಬಸದಿ ಕಟ್ಟಿಸಿ, ಸುಮಾರು 5 ಅಡಿ ಎತ್ತರದ ಶಾಂತಿನಾಥನನ್ನು ನಿಲ್ಲಿಸಿ, ಪೂಜೆಗೆಂದು ಮೊಟ್ಟೆನವಿಲೆ ಎಂಬ ಊರನ್ನು ದತ್ತಿ ಬಿಟ್ಟಳು. ಬಸದಿಯ ಹೆಸರು ಸವತಿಗಂಧವಾರಣ. ಇದು ಅವಳದೇ ಬಿರುದು. ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ. ವಿಷ್ಣುವರ್ಧನನಿಗೆ ಬೇರೆ ರಾಣಿಯರೂ ಇದ್ದರು. ಕಥೆ, ನಾಟಕಗಳಲ್ಲಿ ನಾವು ಕಾಣುವ ಶಾಂತಲೆ ಬರೀ ತ್ಯಾಗಮಯಿ, ಮೃದು ಮಾತಿನವಳು. ದೇವರ ಮನೆಗೆ ಇಂಥ ಬಿರುದನ್ನಿಟ್ಟ ಹೆಣ್ಣಿಗೆ ತನ್ನ ಸ್ಥಾನದ ಅರಿವೂ ಇತ್ತು, ಅದನ್ನು ಸಾರುವ ಗತ್ತೂ ಇತ್ತು.

ಇನ್ನು ಅವಳ ನಾಟ್ಯ. ಗೀತ, ವಾದ್ಯ, ನೃತ್ಯ ಮೂರರಲ್ಲೂ ಅವಳು ನಿಪುಣೆಯೆಂದು ಶಾಸನಗಳು ಹೊಗಳುತ್ತವೆ. ಪಟ್ಟದರಸಿಯನ್ನು ರೂಪಕ್ಕೆ, ದಾನಕ್ಕೆ ಹೊಗಳುವುದು ವಾಡಿಕೆ. ಕುಣಿತದ ವಿದ್ಯೆಗಾಗಿ ಕಲ್ಲಿನಲ್ಲಿ ಹೊಗಳಿಸಿಕೊಂಡದ್ದು ದೊಡ್ಡ ಮಾತು. ಬೇಲೂರಿನ ನವರಂಗದ ನಡುವೆ, ಕಡೆದ ನಾಲ್ಕು ಕಂಬಗಳ ಮಧ್ಯೆ, ದುಂಡಗಿನ ಕಲ್ಲಿನ ಜಗಲಿಯಿದೆ. ಶಾಂತಲೆ ಅಲ್ಲಿ ದೇವರ ಮುಂದೆ ನರ್ತಿಸಿದಳೆಂದೂ, ದರ್ಪಣಸುಂದರಿಗೆ ಅವಳ ರೂಪವೇ ಮಾದರಿಯೆಂದೂ ನಂಬಿಕೆ. ಇದಕ್ಕೆ ಶಾಸನದ ಆಧಾರವಿಲ್ಲ. ಆದರೆ ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಡಮರು ನುಡಿಸುವವಳು, ಹೀಗೆ ಆ ಮದನಿಕೆಯರ ಒಂದೊಂದು ಭಂಗಿಯೂ ಆ ಕಾಲದ ಕುಣಿತವನ್ನು ನಮ್ಮವರೆಗೆ ಹೊತ್ತು ತಂದಿದೆ. ರೂಪಕ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಬೇಕಿಲ್ಲ.

ಶಾಂತಲೆ 1131ರಲ್ಲಿ, ಚೈತ್ರ ಶುದ್ಧ ಪಂಚಮಿ ಸೋಮವಾರ, ಶಿವಗಂಗೆಯಲ್ಲಿ ಮುಡಿಪಿದಳು ಎಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಮಕ್ಕಳಿಲ್ಲದ ಕೊರಗಿನಿಂದ ಬೆಟ್ಟದ ತುದಿಯಿಂದ ಹಾರಿದಳೆಂಬುದು ಜನಜನಿತವಾದ ಕಥೆ. ಆ ಜಾಗವನ್ನು ಇಂದಿಗೂ ತೋರಿಸುತ್ತಾರೆ. ಶಾಸನದಲ್ಲಿ ಆ ಮಾತಿಲ್ಲ. ಮುಡಿಪು ಎಂಬ ಪದವನ್ನು ನೋಡಿದರೆ ಜೈನರ ವ್ರತದಂತೆ ದೇಹಬಿಟ್ಟಳೆಂದು ತಿಳಿಯುವುದೇ ಹೆಚ್ಚು ಸರಿಯೆನಿಸುತ್ತದೆ. ಅದೇ ಶಾಸನ ಮುಂದೆ ಹೇಳುವ ಸಂಗತಿ ಕಥೆಗಿಂತ ಮನಕರಗಿಸುವಂಥದು. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ತಾನೂ ಇರಲಾರೆನೆಂದು ಬೆಳಗೊಳಕ್ಕೆ ಬಂದು, ಗುರುಗಳ ಒಪ್ಪಿಗೆ ಪಡೆದು, ಒಂದು ತಿಂಗಳು ಉಪವಾಸವಿದ್ದು ಸಮಾಧಿಮರಣ ಹೊಂದಿದಳು. ಮುಂದೆ ಲಕ್ಷ್ಮೀದೇವಿಯ ಮಗ ನರಸಿಂಹ ಹೊಯ್ಸಳ ಸಿಂಹಾಸನವೇರಿದ.

ರೂಪಕದ ಕೊನೆಯ ದೃಶ್ಯ ಯಾವುದಾಗಬೇಕು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಸಾಮಾನ್ಯವಾಗಿ ಶಾಂತಲೆ ಬಂಡೆಯ ಮೇಲಿಂದ ಬೀಳುತ್ತಾಳೆ, ದೀಪ ಆರುತ್ತದೆ, ತೆರೆ ಬೀಳುತ್ತದೆ. ನೋಡುವವರ ಕಣ್ಣು ಒದ್ದೆಯಾಗುವುದು ನಿಜ. ಆದರೆ ಮುಂದಿನ ಸಾಲಿನಲ್ಲಿ ಕುಳಿತ ಹದಿಮೂರು, ಹದಿನಾಲ್ಕು ವರ್ಷದ ಹೆಣ್ಣುಮಕ್ಕಳು ಅದರಿಂದ ಕಲಿಯುವುದೇನು? ಮಕ್ಕಳಾಗದ ಹೆಣ್ಣಿಗೆ, ಎಷ್ಟೇ ವಿದ್ಯೆಯಿದ್ದರೂ, ಬಾಳಿಲ್ಲವೆಂದೇ? ಶಾಸನ ಹೇಳದ ಈ ಪಾಠವನ್ನು ಶಾಲೆಯ ರಂಗದಲ್ಲಿ ನಾವೇಕೆ ಹೇಳಬೇಕು?

ಎರಡು ಧರ್ಮದ ಮನೆಯಲ್ಲಿ ಬೆಳೆದ ಹುಡುಗಿ, ಬೇಲೂರಿನ ಪ್ರತಿಷ್ಠೆಯ ಸಂಭ್ರಮ, ಚಂದ್ರಗಿರಿಯ ಬಸದಿ, ತಾಯಿಯ ಮೌನವ್ರತ ಎಂದು ನಾಲ್ಕು ದೃಶ್ಯ ಸಾಕು. ಕೊನೆಗೆ ತಾಯಿ ಕಣ್ಣುಮುಚ್ಚಿ ಕುಳಿತಿರಲಿ; ಅವಳ ನೆನಪಿನಲ್ಲಿ ಮಗಳು ಒಮ್ಮೆ ಕುಣಿಯಲಿ; ಮೃದಂಗ ನಿಂತ ಮೇಲೂ ಗೆಜ್ಜೆ ಕೇಳಲಿ. ಇದಕ್ಕೆ ದೊಡ್ಡ ರಂಗಸಜ್ಜಿಕೆ ಬೇಕಿಲ್ಲ. ಯಕ್ಷಗಾನದ ಆಟವನ್ನು ಬೆಳಗಿನವರೆಗೆ ಕೂತು ನೋಡಿದ ಮಲೆನಾಡಿನವರಿಗೆ ತಾಳ, ಹೆಜ್ಜೆ, ಭಾವಗಳಿಂದಲೇ ಕಥೆ ತಿಳಿಯುತ್ತದೆ.

ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಮಕ್ಕಳಲ್ಲಿ ಕೋರುವುದಿಷ್ಟೇ: ಶಾಂತಲೆಯ ವೇಷ ಹಾಕುವ ಮುನ್ನ ಒಮ್ಮೆ ಬೇಲೂರಿಗೂ ಚಂದ್ರಗಿರಿಗೂ ಹೋಗಿ ಬನ್ನಿ. ಅವಳು ಹೇಗೆ ಸತ್ತಳೆಂಬ ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ. ಹೇಗೆ ಬದುಕಿದಳೆಂಬುದನ್ನು ಅಲ್ಲಿಯ ಕಲ್ಲುಗಳು ಹೇಳುತ್ತವೆ.