ಜಾನ್ ಶಾ ಬಿಲ್ಲಿಂಗ್ಸ್: ವೈದ್ಯಸಾಹಿತ್ಯಕ್ಕೆ ಸೂಚಿ ಕಟ್ಟಿದವರು

ರೋಗಿಯ ಎದುರು ಕುಳಿತ ವೈದ್ಯನಿಗೆ ಸಂದೇಹವೊಂದು ಮೂಡಿದರೆ, ಇಂದು ಆತ ಕೆಲವು ಕ್ಷಣಗಳಲ್ಲಿ ಪ್ರಪಂಚದ ವೈದ್ಯಸಾಹಿತ್ಯವನ್ನೆಲ್ಲ ಶೋಧಿಸಬಲ್ಲ. ಈ ಸೌಲಭ್ಯದ ಬೇರು 19ನೆಯ ಶತಮಾನದ ಒಬ್ಬ ಸೇನಾ ಶಸ್ತ್ರವೈದ್ಯರ ದುಡಿಮೆಯಲ್ಲಿದೆ. ಅವರೇ ಜಾನ್ ಶಾ ಬಿಲ್ಲಿಂಗ್ಸ್. ಶಿಕಾಗೋ ಬಳಿಯ ವೆಸ್ಟ್‌ಮಂಟ್‌ನಲ್ಲಿ ಪ್ರಾಥಮಿಕ ಚಿಕಿತ್ಸೆಯ ವೈದ್ಯನಾಗಿರುವ ನಾನು ದಿನವೂ ಅವರ ಋಣದಲ್ಲಿ ಕೆಲಸ ಮಾಡುತ್ತೇನೆ. ಅವರ ಬದುಕನ್ನು ಕನ್ನಡ ಓದುಗರಿಗೆ ಪರಿಚಯಿಸುವುದು ಈ ಬರಹದ ಉದ್ದೇಶ.

ಬಿಲ್ಲಿಂಗ್ಸ್ ಹುಟ್ಟಿದ್ದು 1838ರ ಏಪ್ರಿಲ್ 12ರಂದು, ಇಲಿನಾಯ್‌ನ ನೆರೆರಾಜ್ಯವಾದ ಇಂಡಿಯಾನಾದ ಒಂದು ಗ್ರಾಮೀಣ ಪ್ರದೇಶದಲ್ಲಿ. ಬಾಲ್ಯದಿಂದಲೇ ಓದಿನ ಹಸಿವು ಅಪಾರ. ತನ್ನನ್ನು ಕಾಲೇಜಿಗೆ ಕಳುಹಿಸಿದರೆ ಆಸ್ತಿಯಲ್ಲಿ ಪಾಲು ಬೇಡ, ಅದು ತಂಗಿಗೇ ಇರಲಿ ಎಂದು ತಂದೆಯೊಡನೆ ಒಪ್ಪಂದ ಮಾಡಿಕೊಂಡ ಹುಡುಗ ಆತ. ಓಹಾಯೋದ ಮಯಾಮಿ ವಿಶ್ವವಿದ್ಯಾಲಯದಲ್ಲಿ 1857ರಲ್ಲಿ ಪದವಿ ಪಡೆದು, ಸಿನ್ಸಿನಾಟಿಯಲ್ಲಿ ವೈದ್ಯಕೀಯ ಓದಿ, 1860ರಲ್ಲಿ ವೈದ್ಯರಾದರು.

ಅವರ ಮುಂದಿನ ಬದುಕಿಗೆ ದಿಕ್ಕು ತೋರಿದ್ದು ಪದವಿಗಾಗಿ ಬರೆಯಬೇಕಾಗಿದ್ದ ಪ್ರಬಂಧ. ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಎಂಬುದು ಅದರ ವಿಷಯ. ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದ ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿ ಸತ್ತರು ಎಂಬ ಲೆಕ್ಕ ಅವರಿಗೆ ಬೇಕಿತ್ತು. ಉತ್ತರ ನೂರಾರು ಸಂಪುಟಗಳಲ್ಲಿ ಚದುರಿಹೋಗಿತ್ತು. ಎಷ್ಟೋ ಲೇಖನಗಳ ಶೀರ್ಷಿಕೆಗೂ ಒಳಗಿನ ವಿಷಯಕ್ಕೂ ಸಂಬಂಧವಿರಲಿಲ್ಲ, ಸಂಪುಟಗಳ ಸೂಚಿಗಳು ನಂಬುವಂತಿರಲಿಲ್ಲ. ಬೇಕಾದ ಗ್ರಂಥಗಳೆಲ್ಲ ಸಿಗುವ ಒಂದು ಗ್ರಂಥಾಲಯವೂ ಇಡೀ ದೇಶದಲ್ಲಿರಲಿಲ್ಲ. ತಿಂಗಳುಗಟ್ಟಲೆ ಅಲೆದ ಮೇಲೆ, ಈ ಪಾಡು ಮುಂದಿನ ವೈದ್ಯರಿಗೆ ಬರಬಾರದೆಂಬ ಬಯಕೆ ಅವರಲ್ಲಿ ಬೇರೂರಿತು.

ಅಷ್ಟರಲ್ಲಿ ಅಂತರ್ಯುದ್ಧ ಆರಂಭವಾಯಿತು. ಬಿಲ್ಲಿಂಗ್ಸ್ ಸೇನೆ ಸೇರಿ, 1863ರಲ್ಲಿ ಚಾನ್ಸಲರ್ಸ್‌ವಿಲ್ ಮತ್ತು ಗೆಟಿಸ್ಬರ್ಗ್ ರಣರಂಗಗಳಲ್ಲಿ ಗಾಯಾಳುಗಳ ಆರೈಕೆ ಮಾಡಿದರು. ಬಳಿಕ ವಾಷಿಂಗ್ಟನ್‌ನ ಸರ್ಜನ್ ಜನರಲ್ ಕಚೇರಿಗೆ ನೇಮಕಗೊಂಡರು. ಅಲ್ಲಿ ಸುಮಾರು 2,000 ಸಂಪುಟಗಳ ಒಂದು ಸಣ್ಣ ಗ್ರಂಥಾಲಯ ಅವರ ಪಾಲಿಗೆ ಬಂತು. ಯುದ್ಧ ಮುಗಿದು ಸೇನಾ ಆಸ್ಪತ್ರೆಗಳು ಮುಚ್ಚಿದಾಗ ಉಳಿದಿದ್ದ ಸುಮಾರು 80,000 ಡಾಲರ್ ಹಣ ಪುಸ್ತಕ ಖರೀದಿಗೆ ಒದಗಿತು. ಗ್ರಂಥಾಲಯಕ್ಕೆ ದೊರೆತ ಜಾಗ, ಅಧ್ಯಕ್ಷ ಲಿಂಕನ್ ಅವರ ಮೇಲೆ ಗುಂಡು ಹಾರಿದ್ದ ಫೋರ್ಡ್ಸ್ ನಾಟಕಶಾಲೆ. ಆ ಕಟ್ಟಡದಲ್ಲಿ ಬೆಳೆದ ಸಂಗ್ರಹಕ್ಕೆ 1887ರಲ್ಲಿ ಸ್ವಂತ ಕಟ್ಟಡವಾಯಿತು. 1895ರಲ್ಲಿ ಬಿಲ್ಲಿಂಗ್ಸ್ ನಿವೃತ್ತರಾದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿದ್ದವು.

ಪುಸ್ತಕಗಳನ್ನು ಕೂಡಿಹಾಕಿದರೆ ಸಾಲದು, ಒಳಗಿರುವುದು ಕೈಗೆ ಸಿಗಬೇಕು ಎಂಬುದು ಅವರ ನಿಲುವಾಗಿತ್ತು. ಪ್ರಪಂಚದ ನಾನಾ ಕಡೆಗಳಿಂದ ಬರುತ್ತಿದ್ದ ಪತ್ರಿಕೆಗಳನ್ನು ರಾತ್ರಿ ಮನೆಗೆ ಒಯ್ದು, ಮುಖ್ಯ ಲೇಖನಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಗುಮಾಸ್ತರು ಅವುಗಳ ವಿವರವನ್ನು ಕಾರ್ಡುಗಳಿಗೆ ಇಳಿಸುತ್ತಿದ್ದರು. ಹೀಗೆ ರೂಪುಗೊಂಡ ವಿಷಯಾನುಕ್ರಮದ ಸೂಚಿ 1880ರಿಂದ 1895ರವರೆಗೆ 16 ಬೃಹತ್ ಸಂಪುಟಗಳಲ್ಲಿ ಹೊರಬಂತು. ಹೊಸ ಲೇಖನಗಳ ಸುದ್ದಿ ತಡವಾಗದಿರಲೆಂದು ಸಹೋದ್ಯೋಗಿ ರಾಬರ್ಟ್ ಫ್ಲೆಚರ್ ಅವರೊಡನೆ 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದರು. ಚಂದಾದಾರರು ಸಾಲದೆ ಅದು 1899ರಲ್ಲಿ ನಿಂತುಹೋಗಿ, ಕಾರ್ನೆಗಿ ಸಂಸ್ಥೆಯ ನೆರವಿನಿಂದ 1903ರಲ್ಲಿ ಮರುಜೀವ ಪಡೆಯಿತು.

ಅವರ ಇತರ ಸಾಧನೆಗಳು ಒಂದೊಂದೂ ಒಂದು ಬದುಕಿಗೆ ಸಾಕಾಗುವಂಥವು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿನ್ಯಾಸ ಅವರದು. ಅಲ್ಲಿಗೆ ವಿಲಿಯಂ ಆಸ್ಲರ್ ಅವರನ್ನು ಕರೆತಂದವರೂ ಅವರೇ. ಜನಗಣತಿಯ ಲೆಕ್ಕವನ್ನು ಯಂತ್ರದಿಂದ ಮಾಡಬಾರದೇಕೆ ಎಂಬ ಅವರ ಸಲಹೆಯಿಂದ ಹರ್ಮನ್ ಹಾಲರಿತ್ ರಂಧ್ರಪತ್ರಗಳ ಯಂತ್ರ ರೂಪಿಸಿದರು. ಹಾಲರಿತ್ ಅವರ ಕಂಪನಿಯೇ ಮುಂದೆ ಐಬಿಎಂನಲ್ಲಿ ಒಂದಾಯಿತು. 1896ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕರಾಗಿದ್ದ ಬಿಲ್ಲಿಂಗ್ಸ್, 1913ರ ಮಾರ್ಚ್ 11ರಂದು ತೀರಿಕೊಂಡರು.

ಅವರು ಬೆಳೆಸಿದ ಗ್ರಂಥಾಲಯ 1956ರಲ್ಲಿ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1964ರಲ್ಲಿ ಸೂಚಿಯ ಕೆಲಸ ಗಣಕಯಂತ್ರಕ್ಕೆ ಬಂತು, 1971ರಲ್ಲಿ ಮೆಡ್‌ಲೈನ್ ಹುಟ್ಟಿತು, 1997ರಲ್ಲಿ ಪಬ್‌ಮೆಡ್ ಎಲ್ಲರಿಗೂ ಉಚಿತವಾಯಿತು. ಇಂಡೆಕ್ಸ್ ಮೆಡಿಕಸ್‌ನ ಮುದ್ರಣ 2004ರಲ್ಲಿ ನಿಂತಿತು. ನನ್ನ ಎಂಬಿಬಿಎಸ್ ದಿನಗಳಲ್ಲಿ ನಾವು ಕರ್ನಾಟಕದಲ್ಲಿ ಆ ದಪ್ಪ ಸಂಪುಟಗಳಲ್ಲಿ ಲೇಖನ ಗುರುತಿಸಿ, ಪ್ರತಿಗಾಗಿ ಲೇಖಕರಿಗೆ ಕಾರ್ಡು ಬರೆದು ವಾರಗಟ್ಟಲೆ ಅಂಚೆಗಾಗಿ ಕಾಯುತ್ತಿದ್ದೆವು. ಈಗ ಪಬ್‌ಮೆಡ್‌ನಲ್ಲಿ 3.5 ಕೋಟಿಗೂ ಹೆಚ್ಚು ಉಲ್ಲೇಖಗಳಿವೆ. ಲೇಖನಗಳನ್ನು ತೂಗಿ ಸಾರಾಂಶ ಕೊಡುವ ಕಾಕ್ರೇನ್ ವಿಮರ್ಶೆಗಳು, ಅಪ್‌ಟುಡೇಟ್‌ನಂಥ ಆಕರಗಳು ಬೇರೆ ಇವೆ.

ಹಾಗಾದರೆ ಪ್ರಾಥಮಿಕ ಚಿಕಿತ್ಸೆಯ ಗುಣಮಟ್ಟ ತಾನಾಗಿ ಏರಿತೇ? ಬಿಲ್ಲಿಂಗ್ಸ್ ಅವರಿಗೆ ಇಂಥ ಭ್ರಮೆ ಇರಲಿಲ್ಲ. ತಾವು ಸೂಚಿಗೆ ಸೇರಿಸುತ್ತಿದ್ದ ಬರಹಗಳಲ್ಲಿ ಹೆಚ್ಚಿನವು ಬಾಳುವಂಥವಲ್ಲ ಎಂಬುದನ್ನು ಅವರು 1881ರ ಲಂಡನ್ ಸಮ್ಮೇಳನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸೂಚಿ ದಾರಿ ತೋರೀತು, ವಿವೇಚನೆ ಓದುವವನದೇ.

ಇದರ ಅರ್ಥ ನನಗೆ ಸ್ಪಷ್ಟವಾಗುವುದು ಬೇಸಗೆಯಲ್ಲಿ, ಮಕ್ಕಳ ಮನೆಗೆಂದು ಊರಿನಿಂದ ಬರುವ ಹಿರಿಯರನ್ನು ನೋಡುವಾಗ. ಸಕ್ಕರೆ ಕಾಯಿಲೆಯ ಅಮ್ಮನವರೊಬ್ಬರು ತರುವ ಮಾತ್ರೆಯಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಸೇರಿರುತ್ತವೆ. ವೊಗ್ಲಿಬೋಸ್ ಅಮೆರಿಕದಲ್ಲಿ ಮಾರಾಟಕ್ಕಿಲ್ಲ, ಇಲ್ಲಿ ಕಲಿತ ವೈದ್ಯರಿಗೆ ಅದರ ಪರಿಚಯವೂ ಕಡಿಮೆ. ಅದೇನೆಂಬುದನ್ನು ಅಂತರ್ಜಾಲದ ಆಕರ ಒಂದು ನಿಮಿಷದಲ್ಲಿ ತಿಳಿಸುತ್ತದೆ. ಉಪವಾಸವಿದ್ದಾಗ ಗ್ಲಿಮೆಪಿರೈಡ್ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದೆಂದೂ ಎಚ್ಚರಿಸುತ್ತದೆ. ಆದರೆ ಆ ಅಮ್ಮ ಏಕಾದಶಿ ಮಾಡುತ್ತಾರೆಯೇ, ಅಂದೂ ಮಾತ್ರೆ ನುಂಗುತ್ತಾರೆಯೇ ಎಂಬುದು ಯಾವ ಆಕರದಲ್ಲೂ ಇಲ್ಲ. ಅದನ್ನು ವೈದ್ಯನೇ ಕೇಳಬೇಕು. ಕೇಳಬೇಕೆಂದು ಹೊಳೆಯುವಷ್ಟು ರೋಗಿಯ ಪರಿಚಯ, ಕೇಳುವಷ್ಟು ಸಮಯ ಇರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಕೋಟ್ಯಂತರ ಲೇಖನಗಳ ಭಂಡಾರ ಆ ಅಮ್ಮನ ಪಾಲಿಗೆ ಇದ್ದೂ ಇಲ್ಲದಂತೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ತಂದೆತಾಯಿಯರನ್ನು ಇಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವಾಗ ಮಾತ್ರೆಗಳ ಪಟ್ಟಿಯನ್ನು ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ ಬರೆದುಕೊಡಿ. ಊಟದ ಹೊತ್ತು, ಉಪವಾಸದ ದಿನಗಳು, ಮನೆಮದ್ದುಗಳನ್ನೂ ಅದರಲ್ಲಿ ಸೇರಿಸಿ. ಬಿಲ್ಲಿಂಗ್ಸ್ ಪ್ರಪಂಚದ ವೈದ್ಯಜ್ಞಾನಕ್ಕೆ ಸೂಚಿ ಬರೆದರು. ನಿಮ್ಮ ಮನೆಯ ಹಿರಿಯರ ಸೂಚಿಯನ್ನು ಬರೆಯಬಲ್ಲವರು ನೀವು ಮಾತ್ರ.