ಎಡಿಸನ್‌ನ ಹತ್ತು ವರ್ಷದ ಬ್ಯಾಟರಿ

ಎಡಿಸನ್ ಎಂದರೆ ನಮಗೆಲ್ಲ ನೆನಪಾಗುವುದು ಬಲ್ಬು. ಪ್ರೈಮರಿ ಶಾಲೆಯ ಪಾಠದಿಂದ ಹಿಡಿದು ಪ್ಲೇಸ್‌ಮೆಂಟ್ ತರಬೇತಿಯ ಸ್ಲೈಡುಗಳವರೆಗೆ ಅದೇ ಬಲ್ಬು, ಅದೇ ಸಾವಿರ ಸಲ ಸೋತು ಗೆದ್ದ ಕಥೆ. ಐವತ್ತು ದಾಟಿದ ಮೇಲೆ ಅವನು ಹತ್ತು ವರ್ಷ ಒಂದು ಬ್ಯಾಟರಿಯ ಬೆನ್ನು ಬಿದ್ದಿದ್ದ ಎನ್ನುವುದು ನನಗೆ ತಿಳಿದದ್ದು ಬಿ.ಇ.ಗೆ ಸೇರಿದ ಮೇಲೆ. ಅದೂ ಪಠ್ಯಪುಸ್ತಕದಿಂದಲ್ಲ, ದೊಡ್ಡಪ್ಪನ ಹಳೇ ಜಾವಾದಿಂದ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. 6 ವೋಲ್ಟಿನದು. ಬ್ಯಾಟರಿ ಸತ್ತಾಗ ಹೊಸದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಈಗಿನ ಬೈಕುಗಳೆಲ್ಲ 12 ವೋಲ್ಟಿನವು. ಒಬ್ಬ ಅಂಗಡಿಯವರು ಇಡೀ ವೈರಿಂಗನ್ನೇ 12ಕ್ಕೆ ಬದಲಾಯಿಸಿಬಿಡಿ ಎಂದರು. ಇನ್ನೊಬ್ಬರು ಲಿಥಿಯಂ ಹಾಕಿಸಿ, ಹಗುರ ಎಂದರು. ಹಳೇ ಗಾಡಿಗಳ ಹುಚ್ಚಿರುವ ದೊಡ್ಡಪ್ಪನ ಸ್ನೇಹಿತರೊಬ್ಬರು ಮಾತ್ರ, ಎಡಿಸನ್ ಮಾಡಿದ ನಿಕ್ಕಲ್-ಕಬ್ಬಿಣದ ಬ್ಯಾಟರಿ ಎಲ್ಲಾದರೂ ಸಿಕ್ಕರೆ ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲ ಎಂದರು. ಅಷ್ಟು ಗಟ್ಟಿಯಾದದ್ದು ಯಾಕೆ ಎಲ್ಲೂ ಕಾಣುವುದಿಲ್ಲ ಎಂಬ ಕುತೂಹಲದಿಂದ ನಾನು ಎಡಿಸನ್‌ನ ಬದುಕನ್ನು ಓದಲು ಕೂತೆ.

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರ ಫೆಬ್ರುವರಿ 11ರಂದು, ಅಮೆರಿಕದ ಓಹಿಯೊ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಶಾಲೆಗೆ ಹೋದದ್ದು ಬಹಳ ಕಡಿಮೆ. ಅಕ್ಷರ ಕಲಿಸಿದ್ದು ಅಮ್ಮ. ಹುಡುಗನಾಗಿದ್ದಾಗಲೇ ರೈಲಿನಲ್ಲಿ ಪತ್ರಿಕೆ, ತಿಂಡಿ ಮಾರಿದ. ಕಿವಿ ಬೇಗನೆ ಮಂದವಾಯಿತು. ಮುಂದೆ ಟೆಲಿಗ್ರಾಫ್ ಆಪರೇಟರ್ ಆಗಿ ಊರೂರು ಅಲೆದ. ಲೂಯಿವಿಲ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗ ಬ್ಯಾಟರಿಯ ಜೊತೆ ಏನೋ ಪ್ರಯೋಗಕ್ಕಿಳಿದು ಗಂಧಕಾಮ್ಲ ಚೆಲ್ಲಿಬಿಟ್ಟ, ಅದು ನೆಲದ ಹಲಗೆಗಳ ಸಂದಿಯಿಂದ ಇಳಿದು ಕೆಳಗಿನ ಕೋಣೆಯಲ್ಲಿದ್ದ ಮೇಲಧಿಕಾರಿಯ ಮೇಜಿನ ಮೇಲೆ ತೊಟ್ಟಿಕ್ಕಿತು, ಮರುದಿನವೇ ಕೆಲಸ ಹೋಯಿತು ಎಂಬ ಪ್ರಸಂಗ ಅವನ ಜೀವನಚರಿತ್ರೆಗಳಲ್ಲಿ ಬರುತ್ತದೆ. ಆಗ ಅವನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು.

ನಂತರದ ಕಥೆ ಎಲ್ಲರಿಗೂ ಗೊತ್ತು. 1876ರಲ್ಲಿ ಮೆನ್ಲೊ ಪಾರ್ಕಿನ ಪ್ರಯೋಗಾಲಯ, 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಬಲ್ಬು, 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ. 1890ರ ದಶಕದಲ್ಲಿ ಕಬ್ಬಿಣದ ಅದಿರನ್ನು ಅಯಸ್ಕಾಂತದಿಂದ ಬೇರ್ಪಡಿಸುವ ದೊಡ್ಡ ಉದ್ಯಮಕ್ಕೆ ಕೈ ಹಾಕಿ, ಅದರಲ್ಲಿ ಅಪಾರ ಹಣ ಕಳೆದುಕೊಂಡ. ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರೇನೋ. ಎಡಿಸನ್ ಬ್ಯಾಟರಿ ಹಿಡಿದುಕೊಂಡ.

1900ರ ಆಸುಪಾಸಿನಲ್ಲಿ ಅಮೆರಿಕದ ರಸ್ತೆಗಳಲ್ಲಿ ಉಗಿ, ಪೆಟ್ರೋಲು, ವಿದ್ಯುತ್ತು ಮೂರೂ ಬಗೆಯ ಕಾರುಗಳು ಓಡುತ್ತಿದ್ದವು. ಗೆಲ್ಲುವುದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಕಷ್ಟವಿಲ್ಲ. ತೊಂದರೆ ಇದ್ದದ್ದು ಬ್ಯಾಟರಿಯಲ್ಲಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯೇ ಆಗಲೂ ಗತಿ. ಅದು ಭಾರ, ಪೂರ್ತಿ ಖಾಲಿಯಾಗಲು ಬಿಟ್ಟರೆ ಹಾಳು, ಒಳಗಿರುವುದು ಆಮ್ಲ. ಎಡಿಸನ್ ಆಮ್ಲವನ್ನೇ ಬಿಟ್ಟು ಕ್ಷಾರದ ಕಡೆ ತಿರುಗಿದ. ನಿಕ್ಕಲ್ ಲೇಪಿಸಿದ ಉಕ್ಕಿನ ಡಬ್ಬಿ, ಅದರಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಒಂದು ಕಡೆ ನಿಕ್ಕಲ್ ಆಕ್ಸೈಡ್, ಇನ್ನೊಂದು ಕಡೆ ಕಬ್ಬಿಣ. ಇದೇ ಸಮಯಕ್ಕೆ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕೂಡ ಇದೇ ದಾರಿಯಲ್ಲಿದ್ದ, ಇಬ್ಬರ ನಡುವೆ ಪೇಟೆಂಟ್ ಜಗಳವೂ ನಡೆಯಿತು. ಯುಂಗ್ನರ್‌ನ ಹೆಸರು ನಮ್ಮ ಪಾಠಗಳಲ್ಲಿ ಎಲ್ಲೂ ಇಲ್ಲದಿರುವುದು ಬೇಸರದ ಸಂಗತಿ.

1901ರಲ್ಲಿ ಎಡಿಸನ್ ಕಂಪನಿ ಕಟ್ಟಿದ. ಅವನಿಗೆ ಪತ್ರಿಕೆಗಳ ಮುಂದೆ ದೊಡ್ಡ ಮಾತಾಡುವ ಚಾಳಿ ಇತ್ತು, ಮಾಲು ಕೈಗೆ ಬರುವ ಮೊದಲೇ ಹೊಗಳಿಕೆ ಶುರುವಾಯಿತು. ಬ್ಯಾಟರಿ ಮಾರುಕಟ್ಟೆಗೆ ಬಂತು, ಕೆಲವು ಡಬ್ಬಿಗಳು ಸೋರಿದವು, ಶಕ್ತಿ ಬೇಗ ಕುಸಿಯಿತು. 1904ರ ಕೊನೆಯ ಹೊತ್ತಿಗೆ ತಯಾರಿಕೆಯನ್ನೇ ನಿಲ್ಲಿಸಿ ಅವನು ಮತ್ತೆ ಮೊದಲಿನಿಂದ ಆರಂಭಿಸಿದ. ನನಗೆ ಅವನು ಇಷ್ಟವಾಗುವುದು ಇಲ್ಲೇ. ಆ ಬ್ಯಾಟರಿಯನ್ನು ಹಾಗೇ ಮಾರುತ್ತಾ ಹೋಗಬಹುದಿತ್ತು, ಅವನ ಹೆಸರಿಗೇ ಜನ ಕೊಳ್ಳುತ್ತಿದ್ದರು. ಅವನು ಇನ್ನೂ ಐದು ವರ್ಷ ತೆಗೆದುಕೊಂಡ.

ಆ ಐದು ವರ್ಷದಲ್ಲಿ ಆದ ಬದಲಾವಣೆಗಳು ಎಂಜಿನಿಯರಿಂಗ್ ಓದುವವರಿಗೆ ಸ್ವಾರಸ್ಯವೆನಿಸುತ್ತವೆ. ನಿಕ್ಕಲ್ ಹೈಡ್ರಾಕ್ಸೈಡ್ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದಿಲ್ಲ. ಮೊದಲು ಅದಕ್ಕೆ ಗ್ರಾಫೈಟ್ ಬೆರೆಸುತ್ತಿದ್ದರು, ಅದು ಬಾಳಿಕೆ ಬರಲಿಲ್ಲ. ಆಮೇಲೆ ಸಣ್ಣ ರಂಧ್ರಗಳಿರುವ ಉಕ್ಕಿನ ಕೊಳವೆಗಳಲ್ಲಿ ಹೈಡ್ರಾಕ್ಸೈಡಿನ ಪದರ, ತೆಳ್ಳನೆಯ ನಿಕ್ಕಲ್ ಚೂರುಗಳ ಪದರ, ಮತ್ತೆ ಹೈಡ್ರಾಕ್ಸೈಡ್ ಹೀಗೆ ನೂರಾರು ಪದರ ಒತ್ತಿ ತುಂಬಿದರು. ದ್ರಾವಣಕ್ಕೆ ಸ್ವಲ್ಪ ಲಿಥಿಯಂ ಹೈಡ್ರಾಕ್ಸೈಡ್ ಸೇರಿಸಿದಾಗ ಬ್ಯಾಟರಿಯ ಸಾಮರ್ಥ್ಯ ಏರಿತು. ಇಂದು ನಮ್ಮ ಫೋನಿನಲ್ಲಿರುವ ಲಿಥಿಯಂ ಆಗಲೇ ಬ್ಯಾಟರಿಯೊಳಗೆ ಕಾಲಿಟ್ಟಿತ್ತು, ಬೇರೆ ಪಾತ್ರದಲ್ಲಿ.

1909ರ ವೇಳೆಗೆ ಬ್ಯಾಟರಿ ಸಿದ್ಧವಾಯಿತು. ಪೂರ್ತಿ ಖಾಲಿ ಮಾಡಿದರೂ, ಹೆಚ್ಚು ಚಾರ್ಜ್ ಮಾಡಿದರೂ, ತಿಂಗಳುಗಟ್ಟಲೆ ಮೂಲೆಗೆ ಹಾಕಿದರೂ ತಡೆದುಕೊಳ್ಳುವ ಗಟ್ಟಿ ಬ್ಯಾಟರಿ. ಡೆಟ್ರಾಯಿಟ್ ಎಲೆಕ್ಟ್ರಿಕ್‌ನಂಥ ಕಾರುಗಳಲ್ಲಿ ಹೆಚ್ಚು ಹಣ ಕೊಟ್ಟವರಿಗೆ ಅದನ್ನೇ ಹಾಕಿಕೊಡುತ್ತಿದ್ದರು. ಆದರೆ 1908ರಲ್ಲೇ ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಬಂದಿತ್ತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಹ್ಯಾಂಡಲ್ ತಿರುಗಿಸುವ ಕಷ್ಟವೂ ತಪ್ಪಿತು. ಕಾರಿಗೆ ಬೇಕಾದ ಬ್ಯಾಟರಿಯ ಕೆಲಸವೇ ಬದಲಾಯಿತು. ದಿನವಿಡೀ ಗಾಡಿ ಎಳೆಯುವುದಲ್ಲ, ಕೆಲವೇ ಸೆಕೆಂಡು ಭಾರೀ ಕರೆಂಟು ಕೊಟ್ಟು ಎಂಜಿನ್ನನ್ನು ತಿರುಗಿಸುವುದು.

ಎಡಿಸನ್‌ನ ಬ್ಯಾಟರಿಗೆ ಅದೇ ಆಗದ ಕೆಲಸ. ಅದರ ಒಳರೋಧ ಹೆಚ್ಚು, ಒಮ್ಮೆಲೇ ಕರೆಂಟು ಎಳೆದರೆ ವೋಲ್ಟೇಜು ಕುಸಿಯುತ್ತದೆ, ಚಳಿಯಲ್ಲಂತೂ ಇನ್ನೂ ಕಷ್ಟ. ಒಂದು ಕಾಲಕ್ಕೆ ಎಡಿಸನ್‌ನ ಹೆಸರಿನ ವಿದ್ಯುತ್ ಕಂಪನಿಯಲ್ಲೇ ಎಂಜಿನಿಯರ್ ಆಗಿದ್ದ ಫೋರ್ಡ್, ಗೌರವದಿಂದ ದೊಡ್ಡ ಮೊತ್ತದ ಸಾಲ ಕೊಟ್ಟು ಮಾಡೆಲ್ ಟಿಗೆ ಹೊಂದುವ ಬ್ಯಾಟರಿ ಮಾಡಿಸಲು ನೋಡಿದ. ಇಬ್ಬರೂ ಸೇರಿ ಅಗ್ಗದ ವಿದ್ಯುತ್ ಕಾರು ತರುವ ಮಾತು 1914ರಲ್ಲಿ ಸುದ್ದಿಯೂ ಆಯಿತು. ಎರಡೂ ಕೈಗೂಡಲಿಲ್ಲ. 1919ರಲ್ಲಿ ಮಾಡೆಲ್ ಟಿಗೆ ಸ್ಟಾರ್ಟರ್ ಬಂದಾಗ ಅದರ ಜೊತೆ ಇದ್ದದ್ದು 6 ವೋಲ್ಟಿನ ಸೀಸದ ಬ್ಯಾಟರಿ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಕ್ಯಾಲ್ಕುಲೇಟರ್ ತೆಗೆದೆ. ದೊಡ್ಡಪ್ಪನ ಜಾವಾ ಕಿಕ್ ಹೊಡೆದು ಶುರುಮಾಡುವ ಗಾಡಿ, ಅದಕ್ಕೆ ಭಾರೀ ಕರೆಂಟಿನ ಪ್ರಶ್ನೆಯಿಲ್ಲ. ಹಾಗಾದರೆ ಎಡಿಸನ್ ಬ್ಯಾಟರಿ ಆಗಬೇಕಲ್ಲ? ಸೀಸದ ಒಂದು ಸೆಲ್ಲಿಗೆ 2 ವೋಲ್ಟ್, ಮೂರು ಸೇರಿದರೆ 6. ನಿಕ್ಕಲ್-ಕಬ್ಬಿಣದ ಸೆಲ್ಲಿಗೆ 1.2, ಐದು ಸೇರಿದರೆ 6. ಅಲ್ಲಿಗೆ ಸರಿ. ಆದರೆ ಚಾರ್ಜ್ ಮಾಡಲು ಸೀಸಕ್ಕೆ 7.2 ವೋಲ್ಟಿನಷ್ಟು ಸಾಕು, ನಿಕ್ಕಲ್-ಕಬ್ಬಿಣಕ್ಕೆ 8ಕ್ಕಿಂತ ಹೆಚ್ಚು ಬೇಕು. ಸೀಸದ ಬ್ಯಾಟರಿಗೆಂದೇ ಹೊಂದಿಸಿದ ಹಳೇ ಡೈನಮೊ-ರೆಗ್ಯುಲೇಟರ್ ಅದನ್ನು ಎಂದೂ ಪೂರ್ತಿ ತುಂಬಲಾರದು. ಲಿಥಿಯಂ ಐರನ್ ಫಾಸ್ಫೇಟ್ ಎರಡು ಸೆಲ್ ಸೇರಿದರೆ 6.4 ವೋಲ್ಟ್, ನೋಡಲು ಹತ್ತಿರ. ಆದರೆ ಅದರ ಮೇಲ್ಮಿತಿ 7.3, ಹಳೇ ರೆಗ್ಯುಲೇಟರ್ ಸ್ವಲ್ಪ ಮೀರಿದರೂ ಅಪಾಯ, ರಕ್ಷಣೆಗೆ ಬೇರೆ ಸರ್ಕ್ಯೂಟು ಬೇಕು. 12 ವೋಲ್ಟ್ ಮಾಡಿಸುವುದಾದರೆ ಡೈನಮೊ, ಕಾಯಿಲ್, ಬಲ್ಬು, ಹಾರ್ನ್ ಎಲ್ಲವೂ ಬದಲಾಗಬೇಕು, ದೊಡ್ಡಪ್ಪ ಅದಕ್ಕೆ ಸುತರಾಂ ಒಪ್ಪಲಿಲ್ಲ. ಪೆಟ್ಟಿಗೆಯ ಅಳತೆ, ಆಂಪಿಯರ್-ಅವರ್, ಟರ್ಮಿನಲ್ ಇರುವ ಬದಿ ನೋಡಿ 6 ವೋಲ್ಟಿನ ಸೀಸದ ಬ್ಯಾಟರಿಯನ್ನೇ ತರಿಸಿದೆವು. ಪ್ಲಾಂಟೆಯದೇ ಗೆಲುವು.

ಹಾಗೆಂದು ಎಡಿಸನ್‌ನ ಹತ್ತು ವರ್ಷ ನೀರಲ್ಲಿ ಹೋಮವಾಗಲಿಲ್ಲ. ರೈಲು ಬೋಗಿಗಳ ದೀಪ, ಸಿಗ್ನಲ್ಲು, ಗಣಿ ಕೆಲಸಗಾರರ ತಲೆಯ ದೀಪ, ಕಾರ್ಖಾನೆಗಳೊಳಗಿನ ಟ್ರಕ್ಕು, ಇವೆಲ್ಲ ಅವನ ಬ್ಯಾಟರಿಯನ್ನು ಹಿಡಿದುಕೊಂಡವು. ಜಲಾಂತರ್ಗಾಮಿಗೂ ಹಾಕಿ ನೋಡಿದರು. 1916ರಲ್ಲಿ ಬ್ರೂಕ್ಲಿನ್ ನೌಕಾನೆಲೆಯಲ್ಲಿ ಬ್ಯಾಟರಿಯಿಂದ ಹೊರಬಂದ ಹೈಡ್ರೋಜನ್ ಸಿಡಿದು ಜನ ಸತ್ತ ಮೇಲೆ ಆ ದಾರಿ ಮುಚ್ಚಿತು. 1914ರ ಡಿಸೆಂಬರಿನಲ್ಲಿ ವೆಸ್ಟ್ ಆರೆಂಜಿನ ಅವನ ಕಾರ್ಖಾನೆ ಸಮುಚ್ಚಯದ ಬಹುಪಾಲು ಬೆಂಕಿಗೆ ಆಹುತಿಯಾದಾಗ 67ರ ಎಡಿಸನ್ ಮತ್ತೆ ಕಟ್ಟಿಕೊಳ್ಳಲು ನಿಂತ. ಅವನ ಕೊನೆಯ ದಶಕಗಳಲ್ಲಿ ಚೆನ್ನಾಗಿ ಲಾಭ ತಂದ ವಸ್ತುಗಳಲ್ಲಿ ಈ ಬ್ಯಾಟರಿಯೂ ಒಂದು.

1931ರ ಅಕ್ಟೋಬರ್ 18ರಂದು ಅವನು ತೀರಿಕೊಂಡ. ಅವನ ಬ್ಯಾಟರಿ ಉದ್ಯಮ 1972ರಲ್ಲಿ ಅಮೆರಿಕದ ಎಕ್ಸೈಡ್ ಕೈಗೆ ಹೋಯಿತು, 1975ರಲ್ಲಿ ಅಲ್ಲಿ ತಯಾರಿಕೆ ನಿಂತಿತು. ಈಗ ಬೇರೆ ಕೆಲವು ತಯಾರಕರು ಸೋಲಾರ್ ಮನೆಗಳಿಗೆಂದು ಸಣ್ಣ ಪ್ರಮಾಣದಲ್ಲಿ ನಿಕ್ಕಲ್-ಕಬ್ಬಿಣದ ಬ್ಯಾಟರಿ ಮಾಡುತ್ತಿದ್ದಾರೆ. ಭಾರವೇನೋ ಹೌದು, ಆದರೆ ಅಲ್ಲಿ ಅದು ಎಲ್ಲಿಗೂ ಓಡಬೇಕಿಲ್ಲ.