ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮನವರು

ಕೃಷ್ಣೆಯೂ ತುಂಗಭದ್ರೆಯೂ ಇಕ್ಕೆಲಗಳಲ್ಲಿ ಹರಿಯುವ ನಡುವಣ ಸೀಮೆಗೆ ಎಡೆದೊರೆನಾಡೆಂದು ಪ್ರಾಚೀನ ಹೆಸರು. ಇಂದಿನ ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರುಗಳೆಲ್ಲ ಈ ಸೀಮೆಗೆ ಸೇರಿದವು. ಎರಡು ಮಹಾನದಿಗಳ ಮಡಿಲಲ್ಲಿದ್ದರೂ, ಮಳೆ ಕೈಕೊಟ್ಟ ವರ್ಷ ಬಡವರು ಗಂಜಿಗೂ ಪರದಾಡಬೇಕಾಗುತ್ತಿದ್ದ ನಾಡು ಇದು. ಲಿಂಗಸುಗೂರು ತಾಲೂಕಿನ ಗುರುಗುಂಟೆಯ ಬಳಿಯಲ್ಲಿರುವ ಅಮರೇಶ್ವರವೇ ಶರಣ ಮಾರಯ್ಯನವರ ಊರೆಂದು ಪರಂಪರೆಯು ಹೇಳುತ್ತದೆ. ಸುತ್ತಣ ತಾಲೂಕುಗಳ ಭಕ್ತರು ಇಂದಿಗೂ ಜಾತ್ರೆಗೆ ಬಂದು ಸೇರುವ ಕ್ಷೇತ್ರವದು. ಆ ಅಮರೇಶ್ವರಲಿಂಗನ ಹೆಸರೇ ಮಾರಯ್ಯನವರ ವಚನಗಳಿಗೆ ಅಂಕಿತವಾಯಿತು. ಧರ್ಮಪತ್ನಿ ಲಕ್ಕಮ್ಮನವರು ಅದೇ ಅಂಕಿತದ ಮುಂದೆ ಪತಿಯ ಹೆಸರನ್ನು ಕೂಡಿಸಿಕೊಂಡು ತಮ್ಮ ವಚನಗಳನ್ನು ರಚಿಸಿದರು.

ಹನ್ನೆರಡನೆಯ ಶತಮಾನದ ನಡುಭಾಗ. ಕಲಚುರಿ ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರ ಕೀರ್ತಿಯನ್ನು ಕೇಳಿ ನಾಡಿನ ಮೂಲೆಮೂಲೆಗಳಿಂದ ಜನರು ಕಲ್ಯಾಣಕ್ಕೆ ನಡೆದುಬರುತ್ತಿದ್ದರು. ಈ ದಂಪತಿಗಳೂ ಹಾಗೆಯೇ ಬಂದರು. ಹೊಟ್ಟೆಪಾಡಿಗಾಗಿ ಊರು ಬಿಡುವುದನ್ನು ಈ ಸೀಮೆಯ ಜನ ಗುಳೆ ಹೋಗುವುದೆನ್ನುತ್ತಾರೆ. ಮಾರಯ್ಯನವರ ಪಯಣದಲ್ಲಿ ಭಕ್ತಿ ಎಷ್ಟಿತ್ತು, ಬಡತನ ಎಷ್ಟಿತ್ತು ಎಂದು ಈಗ ಅಳೆಯಲಾಗದು. ಎರಡೂ ಇದ್ದುವೆಂದು ತಿಳಿದರೆ ಅವರ ಹಿರಿಮೆಗೇನೂ ಕುಂದಿಲ್ಲ.

ಕಲ್ಯಾಣದಲ್ಲಿ ಅವರು ಕೈಕೊಂಡ ಕಾಯಕ ಬೇರೆ ಯಾರೂ ಕಾಯಕವೆಂದು ಎಣಿಸದಂತಹುದು. ಮಹಾಮನೆಯಲ್ಲಿ ನಿತ್ಯವೂ ದಾಸೋಹ ನಡೆಯುತ್ತಿತ್ತು. ಅಕ್ಕಿಯ ಚೀಲವನ್ನು ಇಳಿಸುವಾಗ, ಅಳೆಯುವಾಗ, ಮೊರದಲ್ಲಿ ಕೇರುವಾಗ ಕಾಳುಗಳು ಚೆಲ್ಲುವುದು ಸಹಜ. ಸಾವಿರಾರು ಜನರು ಉಣ್ಣುವ ಮನೆಯಲ್ಲಿ ಆ ಚೆಲ್ಲಿದ ಕಾಳಿಗೆ ಲೆಕ್ಕವೆಲ್ಲಿಯದು? ಮಾರಯ್ಯನವರು ಅಂಗಳಗಳಲ್ಲಿ ಬಿದ್ದ ಆ ಅಕ್ಕಿಯನ್ನು ಒಂದೊಂದಾಗಿ ಆಯ್ದು, ಅರಿವೆಯಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದರು. ಲಕ್ಕಮ್ಮನವರು ಕಲ್ಲು ಮಣ್ಣು ತೆಗೆದು, ಹಸನುಮಾಡಿ, ಅಟ್ಟು, ಮೊದಲು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಇಬ್ಬರೂ ಸ್ವೀಕರಿಸುತ್ತಿದ್ದರು. ನಾಳೆಗೆಂದು ಒಂದು ಹಿಡಿಯನ್ನೂ ತೆಗೆದಿಡುತ್ತಿರಲಿಲ್ಲ. ಕೊಯ್ಲಾದ ಹೊಲದಲ್ಲಿ ಬಡವರು ಹಕ್ಕಲಾಯುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಹಕ್ಕಲಾಯ್ದು ಬದುಕುವವರು ಅದರಲ್ಲಿಯೇ ದಾಸೋಹ ಮಾಡಿದುದು ಹೊಸದು. ಈ ಕಾಯಕದಿಂದಲೇ ಅವರಿಗೆ ಆಯ್ದಕ್ಕಿಯ ಮಾರಯ್ಯನೆಂಬ ಹೆಸರು ನಿಂತಿತು.

ಒಂದು ದಿನ ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ಕುಳಿತು, ಕಾಯಕದ ತತ್ತ್ವವನ್ನು ಕುರಿತ ಚರ್ಚೆಯಲ್ಲಿ ಮೈಮರೆತರು. ಕಾಯಕದಲ್ಲಿ ತೊಡಗಿದವನು ಗುರುಲಿಂಗಜಂಗಮರು ಎದುರಾದರೂ ಅದನ್ನು ಬಿಡಲಾಗದು, ಏಕೆಂದರೆ ದುಡಿಮೆಯಲ್ಲಿಯೇ ಕೈಲಾಸವಿದೆ ಎಂಬುದು ಅವರ ನಿಲುವು. ಇಂದು ಮನೆಮನೆಯ ಮಾತಾಗಿರುವ ಆ ಉಕ್ತಿಯು ಇವರ ವಚನದಿಂದಲೇ ಬಂದುದು. ವಿಚಿತ್ರವೆಂದರೆ, ಆ ತತ್ತ್ವವನ್ನು ಆಡುತ್ತ ಕುಳಿತ ಅಂದೇ ಅವರ ಕಾಯಕ ತಪ್ಪಿತು. ಮನೆಯಲ್ಲಿ ಒಲೆ ತಣ್ಣಗಿತ್ತು. ಪತಿಯ ಪಾಂಡಿತ್ಯಕ್ಕೆ ಲಕ್ಕಮ್ಮನವರು ಮರುಳಾಗಲಿಲ್ಲ. ಕಾಯಕದ ವೇಳೆ ಮೀರಿತು, ಬೇಗ ಹೋಗಿ ಬನ್ನಿರೆಂದು ಎಚ್ಚರಿಸಿದರು. ಮಾರಯ್ಯನವರು ನಾಚಿ ಹೊರಟರು.

ಅಂದು ಮಹಾಮನೆಯ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಬಸವಣ್ಣನವರೇ ಬೇಕೆಂದು ಚೆಲ್ಲಿಸಿದ್ದರೆಂದು ಕಥೆ. ದಂಪತಿಗಳ ಬಡತನಕ್ಕೆ ಮರುಗಿ ಚೆಲ್ಲಿಸಿದರೆಂದು ಕೆಲವರು ಹೇಳುವರು, ಪರೀಕ್ಷಿಸಲೆಂದು ಮತ್ತೆ ಕೆಲವರು. ಹೊತ್ತು ಮೀರಿದ ಆತುರದಲ್ಲಿ ಮಾರಯ್ಯನವರು ಬಿದ್ದುದನ್ನೆಲ್ಲ ಬಳಿದು ತಂದರು. ಗಂಟನ್ನು ಬಿಚ್ಚಿದೊಡನೆ ಲಕ್ಕಮ್ಮನವರಿಗೆ ಭೇದ ತಿಳಿಯಿತು. ಅಳತೆಯ ಹೆಸರಿನಲ್ಲಿಯೇ ಮನಸ್ಸಿನ ಹೆಸರನ್ನೂ ಕೂಡಿಸಿ, ಒಂದಳತೆ ಮೀರಿ ಎರಡಾದಾಗ ಮನಸ್ಸೂ ಎರಡಾಯಿತೆಂದು ಅವರು ನುಡಿದರು. ಈ ಸಂದೇಹ ತಮ್ಮ ಪತಿಯದೋ ಬಸವಣ್ಣನವರದೋ ಎಂದೂ ಕೇಳಿದರು. ಆಸೆಯು ಅರಮನೆಗೆ ತಕ್ಕುದೇ ಹೊರತು ಭಕ್ತರ ಮನೆಗೆ ಸಲ್ಲದೆಂದು ಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು.

ಇಲ್ಲಿ ಗಮನಿಸಬೇಕಾದುದು ಇದೆ. ತಾನಾಗಿ ಚೆಲ್ಲಿದ ಅಕ್ಕಿಗೂ ಬೇಕೆಂದು ಚೆಲ್ಲಿದ ಅಕ್ಕಿಗೂ ನೋಡಲು ಅಂತರವಿಲ್ಲ. ಆದರೆ ಮೊದಲನೆಯದು ಬೆನ್ನು ಬಾಗಿಸಿ ಆಯ್ದವನ ಗಳಿಕೆ. ಎರಡನೆಯದು ದಾನಿಯ ಗುಪ್ತದಾನ. ಒಂದನ್ನು ಉಂಡವನು ಕಾಯಕಜೀವಿ, ಇನ್ನೊಂದನ್ನು ಉಂಡವನು ಹಂಗಿಗ. ಬಸವಣ್ಣನವರ ಕರುಣೆಯಲ್ಲಿ ಕಪಟವಿರಲಿಲ್ಲ. ಆದರೂ ಎಷ್ಟು ಸಾಕೆಂಬ ಮಾತನ್ನು ಕೊಡುವವನು ಹೇಳದೆ ಕೊಳ್ಳುವವಳು ಹೇಳಿದಳು. ಮಂತ್ರಿಯ ಉಗ್ರಾಣವನ್ನು ಬಡ ಗೃಹಿಣಿಯೊಬ್ಬಳು ಮರಳಿ ಕಳುಹಿಸಿದ ಈ ಪ್ರಸಂಗಕ್ಕೆ ಸಾಟಿಯಾದುದು ವಿರಳ.

ಉಳಿದ ಅನ್ನ ಹಸಿದವರಿಗೆ ಸೇರಬೇಕೆಂಬ ಯೋಚನೆ ಅನ್ಯ ದೇಶಗಳಲ್ಲಿ ಸಂಸ್ಥೆಯ ರೂಪ ತಾಳಿದುದು ಬಹಳ ಈಚೆಗೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ, ಅಂಗಡಿಗಳು ಎಸೆದ ಪದಾರ್ಥಗಳನ್ನು ಆಯ್ದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳ ಸೂಚನೆಯಿಂದ ಜಾನ್ ವ್ಯಾನ್ ಹೆಂಗೆಲ್ ಎಂಬವರು 1967ರಲ್ಲಿ ಮೊದಲ ಆಹಾರ ಬ್ಯಾಂಕನ್ನು ಸ್ಥಾಪಿಸಿದರು. ಅಲ್ಲಿಯೂ ಮೂಲದಲ್ಲಿ ಇದ್ದವಳು ಆಯುವ ಹೆಂಗಸೇ. 2022ರ ಒಂದೇ ವರ್ಷದಲ್ಲಿ ಜಗತ್ತಿನ ಮನೆ, ಅಂಗಡಿ, ಉಪಾಹಾರಗೃಹಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗವು ಲೆಕ್ಕ ಹಾಕಿದೆ.

ಮಾರಯ್ಯನವರ ಸ್ವಂತ ನಾಡಿನಲ್ಲಿಯೂ ಈ ಲೆಕ್ಕ ವಿಪರೀತವೇ. 1950ರ ದಶಕದಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ, ಸಿಂಧನೂರುಗಳ ಎರೆಹೊಲಗಳು ಭತ್ತದ ಗದ್ದೆಗಳಾದವು. ರಾಯಚೂರಿನಲ್ಲಿ ಅಕ್ಕಿಯ ಗಿರಣಿಗಳೆದ್ದವು. ಆದರೂ ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಸರಿಯಾಗಿ ತಲುಪದು. ದೇವದುರ್ಗದ ಕೂಲಿಕಾರರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವುದು ನಿಂತಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟಿತು. ಹಕ್ಕೆಂಬ ಈ ಪದವನ್ನು ಲಕ್ಕಮ್ಮನವರು ಒಪ್ಪುತ್ತಿದ್ದರೆನ್ನಬಹುದು, ಅದರಲ್ಲಿ ಹಂಗಿಲ್ಲ. ಕಡಿಮೆ ಕೂಲಿಯನ್ನು ಕೊಟ್ಟು, ಆಮೇಲೆ ಹಬ್ಬದ ದಿನ ಮಿಕ್ಕ ಅನ್ನವನ್ನು ಹಂಚಿ ಪುಣ್ಯ ಗಳಿಸುವ ಧಣಿಯ ಲೆಕ್ಕವನ್ನು ಅವರು ಒಪ್ಪುತ್ತಿದ್ದರೆಂದು ನಂಬುವುದು ಕಷ್ಟ.

ಅಕ್ಕಿಯನ್ನು ಮರಳಿ ಸುರಿದ ತರುವಾಯ ನಡೆದುದನ್ನು ಶರಣರ ಕಥೆಗಳು ವಿಸ್ತಾರವಾಗಿ ಹೇಳುತ್ತವೆ. ಬಸವಣ್ಣನವರನ್ನೂ ಸಮಸ್ತ ಶರಣರನ್ನೂ ತಮ್ಮ ಗುಡಿಸಲಿಗೆ ಕರೆದು ಪ್ರಸಾದ ಮಾಡಿಸಬೇಕೆಂದು ಲಕ್ಕಮ್ಮನವರು ಸಂಕಲ್ಪಿಸಿದರು. ಇಷ್ಟು ಅಕ್ಕಿಯಲ್ಲಿ ಅಷ್ಟು ಜನರಿಗೆ ಹೇಗೆಂದು ಮಾರಯ್ಯನವರು ಹಿಂಜರಿದರು. ಧನವಿಲ್ಲದಿರುವುದು ಬಡತನವಲ್ಲ, ಮನಸ್ಸು ಶುದ್ಧವಾಗಿದ್ದವರಿಗೆ ಬಡತನವೆಂಬುದೇ ಇಲ್ಲವೆಂದು ಲಕ್ಕಮ್ಮನವರು ಧೈರ್ಯವಿತ್ತರು. ಅಂದಿನ ಅಕ್ಕಿಯಷ್ಟನ್ನೇ ಅಟ್ಟು ಬಡಿಸಿದರು. ಬಂದ ಶರಣಗಣವೆಲ್ಲ ತೃಪ್ತಿಯಾಗಿ ಉಂಡಿತು. ಪವಾಡದ ಭಾಗವನ್ನು ಭಕ್ತರು ತಮ್ಮ ನಂಬುಗೆಯಂತೆ ತಿಳಿಯಲಿ. ನಿತ್ಯವೂ ಉಣ್ಣಿಸುತ್ತಿದ್ದ ಮಂತ್ರಿಯು ಅಂದು ಅಂಗಳ ಗುಡಿಸಿ ಬದುಕುವವರ ಮನೆಯ ಪಂಕ್ತಿಯಲ್ಲಿ ಉಣ್ಣುವವನಾಗಿ ಕುಳಿತನೆಂಬುದು ಪವಾಡಕ್ಕಿಂತ ಸಣ್ಣ ಸಂಗತಿಯಲ್ಲ.

ಅನಂತರ ಮಾರಯ್ಯನವರು ಲಿಂಗೈಕ್ಯದ ಮಾರ್ಗವನ್ನು ಸತಿಯಿಂದಲೇ ಕೇಳಿ ತಿಳಿದರು. ಶೂನ್ಯಸಂಪಾದನೆಯು ಈ ಸಂವಾದಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿದೆ. ಗಂಡನು ಶಿಷ್ಯನಾಗಿ, ಹೆಂಡತಿ ಗುರುವಾಗಿ ನಿಂತ ಆ ಪುಟಗಳಲ್ಲಿ ಲಕ್ಕಮ್ಮನವರ ಮಾತು ಎಲ್ಲಿಯೂ ಉದ್ದವಿಲ್ಲ. ಅವರ ವಚನಗಳಲ್ಲಿ ಉಳಿದು ಬಂದವು ಸುಮಾರು 25 ಮಾತ್ರ.